ಹೊತ್ತಿಕೊಳ್ಳದ ಸಿಲಿಂಡರ್: ಬಿಚ್ಚುವ ಮೊದಲು ಹುಡುಕುವ ಬಗೆ

(ಮೋಟಾರ್‌ಸೈಕಲ್ ದುರಸ್ತಿ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಎರಡೋ ನಾಲ್ಕೋ ಸಿಲಿಂಡರ್ ಇರುವ ಗಾಡಿ. ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಕುಂಟುತ್ತದೆ. ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ತಿರುಗಿಸದೆ ಬಿಟ್ಟಾಗ) ಮೈಯೆಲ್ಲ ನಡುಗುತ್ತದೆ, ಎಳೆತ ಇಲ್ಲ, ಸೈಲೆನ್ಸರಿನಲ್ಲಿ ಹಸಿ ಪೆಟ್ರೋಲ್ ವಾಸನೆ, ನಡುನಡುವೆ 'ಪಟ್' ಎಂದು ಸಿಡಿಯುವ ಸದ್ದು. ಇವತ್ತಿನ ಮಾತು ಈ ಒಂದು ದೋಷದ ಬಗ್ಗೆ ಮಾತ್ರ: ಉಳಿದ ಸಿಲಿಂಡರ್‌ಗಳು ದುಡಿಯುತ್ತಿವೆ, ಒಂದು ಮಲಗಿದೆ.

ಇಡೀ ಎಂಜಿನ್ ಸತ್ತಿರುವುದಕ್ಕಿಂತ ಇದನ್ನು ಹಿಡಿಯುವುದು ಸುಲಭ. ಮಲಗಿದ ಸಿಲಿಂಡರಿನ ಪಕ್ಕದಲ್ಲೇ ಅದೇ ಪೆಟ್ರೋಲ್ ಕುಡಿದು, ಅದೇ ಬ್ಯಾಟರಿಯ ಕರೆಂಟು ತಿಂದು, ಸರಿಯಾಗಿ ನಡೆಯುತ್ತಿರುವ ಇನ್ನೊಂದು ಇದೆಯಲ್ಲ? ನಿಮ್ಮ ಕೈಯಲ್ಲಿರುವ ಅತ್ಯುತ್ತಮ ಅಳತೆಗೋಲು ಅದೇ. ಮಲ್ಟಿಮೀಟರ್ ಕೊಡುವ ಸಂಖ್ಯೆ ಸರಿಯೋ ತಪ್ಪೋ ಎಂದು ತಿಳಿಯದಿದ್ದರೆ ಪಕ್ಕದ್ದನ್ನು ಅಳೆದು ನೋಡಿ. ಬಿಡಿಭಾಗ ಕೆಟ್ಟಿದೆಯೇ ಎಂಬ ಅನುಮಾನ ಬಂದರೆ ಪಕ್ಕದ್ದರೊಂದಿಗೆ ಅದಲು ಬದಲು ಮಾಡಿ ನೋಡಿ. ದೋಷ ಭಾಗದ ಜೊತೆಗೇ ಆ ಕಡೆ ಹೋಯಿತೆಂದರೆ ಕಳ್ಳ ಸಿಕ್ಕಿದ. ಹೊಸ ಭಾಗ ಕೊಳ್ಳುವ ಮಾತು ಆಮೇಲೆ.

ಮೊದಲು ಮಲಗಿರುವುದು ಯಾವುದು ಎಂದು ಗೊತ್ತಾಗಬೇಕು. ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾದ ಎಂಜಿನ್ ಇದಕ್ಕೆ ಬೇಕು. ಸ್ಟಾರ್ಟ್ ಮಾಡಿ, ಅರ್ಧದಿಂದ ಒಂದು ನಿಮಿಷ ಬಿಡಿ. ಸೈಲೆನ್ಸರ್ ಪೈಪು ಹೆಡ್ಡಿನಿಂದ (ಸಿಲಿಂಡರುಗಳ ಮೇಲಿನ ಮುಚ್ಚಳದಿಂದ) ಹೊರಬರುವ ಜಾಗದ ಹತ್ತಿರ ಪ್ರತಿಯೊಂದು ಪೈಪಿನ ಮೇಲೂ ಸ್ವಲ್ಪ ನೀರು ಚಿಮುಕಿಸಿ. ದುಡಿಯುವ ಸಿಲಿಂಡರಿನ ಪೈಪಿನಲ್ಲಿ ನೀರು 'ಚುರ್' ಎಂದು ಹಾರಿಹೋಗುತ್ತದೆ, ಮಲಗಿದ್ದರ ಪೈಪಿನಲ್ಲಿ ಹನಿ ಹನಿಯಾಗಿ ಇಳಿಯುತ್ತದೆ. ಹತ್ತು ನಿಮಿಷ ಓಡಿಸಿದ ಮೇಲೆ ಈ ಪರೀಕ್ಷೆಗೆ ಬೆಲೆ ಇಲ್ಲ, ಅಕ್ಕಪಕ್ಕದ ಬಿಸಿ ಹೆಡ್ಡಿನ ಮೂಲಕ ಅಲ್ಲಿಗೂ ಹರಡಿರುತ್ತದೆ. ಕೈಯಿಂದ ಮುಟ್ಟಿ ನೋಡುವ ಸಾಹಸ ಬೇಡ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಆದರೆ ಹೊಳೆಯುವ ಕ್ರೋಮ್ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಡಿಗ್ರಿಯ ಲೆಕ್ಕ ಬಿಟ್ಟು, ಎಲ್ಲ ಪೈಪುಗಳಲ್ಲೂ ಒಂದೇ ಜಾಗ ಹಿಡಿದು, ವ್ಯತ್ಯಾಸವನ್ನಷ್ಟೇ ನೋಡಿ.

ಇನ್ನೊಂದು ದಾರಿ, ಒಂದೊಂದೇ ಸಿಲಿಂಡರನ್ನು ಬೇಕೆಂದೇ ನಿಲ್ಲಿಸಿ ಕೇಳುವುದು. ಎಂಜಿನ್ ಆಫ್ ಮಾಡಿ, ಒಂದು ಸಿಲಿಂಡರಿನ ಇಂಜೆಕ್ಟರ್ (ಪೆಟ್ರೋಲ್ ಚಿಮುಕಿಸುವ ಭಾಗ) ಕನೆಕ್ಟರ್ ಕಳಚಿ, ಮತ್ತೆ ಸ್ಟಾರ್ಟ್ ಮಾಡಿ. ದುಡಿಯುತ್ತಿದ್ದದ್ದನ್ನು ನಿಲ್ಲಿಸಿದ್ದರೆ ಸದ್ದು ಇನ್ನಷ್ಟು ಹದಗೆಡುತ್ತದೆ. ಸದ್ದಿನಲ್ಲಿ ಏನೂ ಬದಲಾವಣೆ ಇಲ್ಲವೆಂದರೆ ನೀವು ಕಳಚಿದ್ದು ಆಗಲೇ ಮಲಗಿದ್ದರ ಕನೆಕ್ಟರ್. ಕಿಡಿ ಹಾರಿಸುವ ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸುವ ಸುರುಳಿ) ಇರುವ ಗಾಡಿಯಲ್ಲಿ ಕಾಯಿಲ್ಲಿನ ಸಣ್ಣ ಕನೆಕ್ಟರನ್ನೂ ಹೀಗೇ ಕಳಚಬಹುದು, ಅರೆ ನಿಮಿಷದೊಳಗೆ ಮುಗಿಸಿ. ಓಡುತ್ತಿರುವ ಎಂಜಿನ್ನಿನಲ್ಲಿ ಪ್ಲಗ್ಗಿನ ತಲೆಗೆ ಸಿಕ್ಕಿಸಿದ ಕ್ಯಾಪನ್ನು ಎಳೆದು ನೋಡುವ ಹಳೆಯ ಅಭ್ಯಾಸವನ್ನು ಮಾತ್ರ ಬಿಡಿ. ಅಲ್ಲಿ 20 ಸಾವಿರ ವೋಲ್ಟಿಗೂ ಹೆಚ್ಚು ಇರಬಹುದು. ಕೈಗೆ ಹೊಡೆಯುವುದು ಒಂದಾದರೆ, ಹೋಗಲು ದಾರಿ ಸಿಗದ ಆ ವೋಲ್ಟೇಜು ಕಾಯಿಲ್ಲಿನ ಇನ್ಸುಲೇಷನ್ನನ್ನೇ ಸೀಳಿಕೊಂಡು ಹೋಗುವುದು ಇನ್ನೊಂದು. ಇದ್ದ ಒಂದು ದೋಷ ಆಗ ಎರಡಾಗುತ್ತದೆ.

ಈಗ ಎಂಜಿನ್ನಿನ ಭಾಗಗಳನ್ನು ಮನಸ್ಸಿನಲ್ಲೇ ಎರಡು ಪಾಲು ಮಾಡಿ. ಬ್ಯಾಟರಿ, ಮೇನ್ ಫ್ಯೂಸ್, ಕಿಲ್ ಸ್ವಿಚ್, ಪೆಟ್ರೋಲ್ ಟ್ಯಾಂಕ್, ಫ್ಯುಯೆಲ್ ಪಂಪ್, ಏರ್ ಫಿಲ್ಟರ್ ಇವೆಲ್ಲ ಎಲ್ಲ ಸಿಲಿಂಡರುಗಳಿಗೂ ಸೇರಿದ್ದು. ಪ್ಲಗ್, ಕ್ಯಾಪ್, ಎಚ್‌ಟಿ ವಯರು (ಕಾಯಿಲ್ಲಿನಿಂದ ಪ್ಲಗ್ಗಿಗೆ ಹೋಗುವ ಹೈ ಟೆನ್ಷನ್ ವಯರು), ಕಾರ್ಬುರೇಟರ್ ಅಥವಾ ಇಂಜೆಕ್ಟರ್, ಇನ್‌ಟೇಕ್ ರಬ್ಬರ್, ವಾಲ್ವ್, ಪಿಸ್ಟನ್ ರಿಂಗ್ ಇವು ಅದೊಂದರದೇ ಸ್ವಂತ ಆಸ್ತಿ. ಒಂದು ಸಿಲಿಂಡರ್ ಮಾತ್ರ ಮಲಗಿದೆ ಎಂದಾದರೆ ಹುಡುಕಾಟ ಈ ಎರಡನೇ ಪಾಲಿನಿಂದ ಶುರುವಾಗಬೇಕು. ಫ್ಯುಯೆಲ್ ಪಂಪ್ ಬದಲಿಸಿ, ಏರ್ ಫಿಲ್ಟರ್ ಬದಲಿಸಿ ಕೊನೆಗೆ ಪ್ಲಗ್ ಕ್ಯಾಪಿನ ಕಡೆ ತಿರುಗುವವರು ಬಹಳ.

ಇಗ್ನಿಷನ್ ಕಾಯಿಲ್ ಮಾತ್ರ ಈ ಎರಡು ಪಾಲಿನ ನಡುವೆ ನಿಲ್ಲುತ್ತದೆ. ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಅನೇಕ ಎಂಜಿನ್ನುಗಳಲ್ಲಿ ಇರುವುದು ಎರಡೇ ಕಾಯಿಲ್: ಒಂದು 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. 1969ರ ಹೋಂಡಾ ಸಿಬಿ750ಯಲ್ಲೂ ಇದೇ ಏರ್ಪಾಡು, ಎರಡು ಪಾಯಿಂಟ್ (ಕಾಯಿಲ್ಲಿನ ಕರೆಂಟು ಕಡಿಯುವ ಸ್ವಿಚ್), ಎರಡು ಕಾಯಿಲ್. ಹೀಗಿರುವಲ್ಲಿ 1 ಮತ್ತು 4 ಒಟ್ಟಿಗೆ ಮಲಗಿದ್ದರೆ ಕಾಯಿಲ್, ಅದಕ್ಕೆ ಬರುವ ವಯರು, ಕಿಡಿಯ ಸಮಯ ತಿಳಿಸುವ ಪಿಕಪ್ ಕಾಯಿಲ್ ಅಥವಾ ಇಗ್ನಿಷನ್ ಬಾಕ್ಸಿನ ಮೇಲೆ ಅನುಮಾನ. 1 ಮಾತ್ರ ಮಲಗಿ 4 ಚೆನ್ನಾಗಿದ್ದರೆ ಕಾಯಿಲ್ ಬಹುತೇಕ ನಿರಪರಾಧಿ. ಈ ಎರಡು ಸಾಲು ನೆನಪಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಈ ಲೆಕ್ಕಕ್ಕೆ ಒಂದು ಅಪವಾದ ಇದೆ. ಎಲ್ಲರಿಗೂ ಸೇರಿದ್ದು ಪೂರ್ತಿ ಸಾಯದೆ ಬರೀ ಬಲಹೀನವಾದರೆ, ಅದರ ಪೆಟ್ಟು ಮೊದಲು ಬೀಳುವುದು ಅತಿ ದುರ್ಬಲ ಸಿಲಿಂಡರಿಗೆ. ಕಿಲ್ ಸ್ವಿಚ್ಚಿನ ಒಳಗೆ ಕಿಲುಬು ಹಿಡಿದು ಕಾಯಿಲ್ಲಿಗೆ 12.5 ವೋಲ್ಟಿನ ಬದಲು 10 ವೋಲ್ಟು ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಕಿಡಿ ನಾಲ್ಕರಲ್ಲೂ ಸೊರಗುತ್ತದೆ, ಆದರೆ ಕೈಬಿಡುವುದು ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ದೊಡ್ಡದಾಗಿರುವ ಒಂದು ಮಾತ್ರ. ಆದ್ದರಿಂದ ಶುರುವಿನಲ್ಲೇ ಕೀ ಆನ್ ಮಾಡಿ, ಕಾಯಿಲ್ಲಿಗೆ ಬರುವ ಪಾಸಿಟಿವ್ ವಯರಿನಲ್ಲಿ ವೋಲ್ಟೇಜ್ ಅಳೆದು ಬ್ಯಾಟರಿಯದರ ಜೊತೆ ಹೋಲಿಸಿ. ಬ್ಯಾಟರಿಯದಕ್ಕಿಂತ ಒಂದು ವೋಲ್ಟಿಗೂ ಮೀರಿ ಕಡಿಮೆಯಿದ್ದರೆ ಮೊದಲು ಆ ದಾರಿಯನ್ನು ಶುಚಿ ಮಾಡಿ. ಸಿಡಿಐ (ಕೆಪಾಸಿಟರಿನಲ್ಲಿ ಕರೆಂಟು ಕೂಡಿಟ್ಟು ಒಮ್ಮೆಲೇ ಬಿಡುವ ಇಗ್ನಿಷನ್) ಇರುವ ಗಾಡಿಗೆ ಮಾತ್ರ ಈ ಅಳತೆ ಹೊಂದುವುದಿಲ್ಲ. ಅಲ್ಲಿ ಕಾಯಿಲ್ಲಿಗೆ ಬರುವುದು ನೂರಾರು ವೋಲ್ಟಿನ ಕ್ಷಣಿಕ ಹೊಡೆತ, ಬರಿಗೈಯಲ್ಲಿ ಮುಟ್ಟಬಾರದು.

ಇನ್ನು ಪ್ಲಗ್ ಬಿಚ್ಚೋಣ. ಅದಕ್ಕೂ ಮೊದಲು ಪ್ಲಗ್ ಕೂತಿರುವ ಗುಂಡಿಗೆ ಜೋರಾಗಿ ಗಾಳಿ ಹೊಡೆಯಿರಿ, ಇಲ್ಲದಿದ್ದರೆ ಅಲ್ಲಿರುವ ಮರಳು ಕಲ್ಲು ನೇರ ಪಿಸ್ಟನ್ ತಲೆಯ ಮೇಲೆ ಬೀಳುತ್ತದೆ. ಆ ಗುಂಡಿಯಲ್ಲಿ ನೀರು ನಿಂತಿದೆಯೇ ನೋಡಿ. ಗಾಡಿ ತೊಳೆದ ಮರುದಿನ ಒಂದು ಸಿಲಿಂಡರ್ ಮಲಗಿದರೆ ಕಾರಣ ಹೆಚ್ಚಾಗಿ ಇದೇ. ಅನೇಕ ಹೆಡ್ಡುಗಳಲ್ಲಿ ಆ ನೀರು ಹೊರಹೋಗಲು ಪಕ್ಕದಲ್ಲಿ ಸಣ್ಣ ತೂತು ಇರುತ್ತದೆ, ಅದು ಮಣ್ಣು ಕಟ್ಟಿ ಮುಚ್ಚಿರುತ್ತದೆ. ತಂತಿ ಹಾಕಿ ಬಿಡಿಸಿದರೆ ಮತ್ತೆ ಈ ಕಾಟ ಇಲ್ಲ.

ಬಿಚ್ಚಿದ ಪ್ಲಗ್ಗನ್ನು ಒರೆಸಬೇಡಿ. ಮೊದಲು ನೋಡಿ, ಮೂಸಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಹೊತ್ತಿಕೊಂಡಿಲ್ಲ. ಅಂದರೆ ಕಿಡಿಯನ್ನು ಹುಡುಕಿ, ಕಿಡಿ ಸರಿಯಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತುವ ಬಲ) ಹುಡುಕಿ. ಸೆಲ್ಫ್ ಹೊಡೆದು ಹೊಡೆದು ದಣಿದ ಮೇಲೂ ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಜಿಡ್ಡಾಗಿ ಕಪ್ಪಾಗಿದ್ದು ಬೆರಳಿಗೆ ಎಣ್ಣೆ ಅಂಟಿದರೆ ಆಯಿಲ್ ಮೇಲೆ ಬರುತ್ತಿದೆ, ರಿಂಗ್ ಅಥವಾ ವಾಲ್ವ್ ಸೀಲ್. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಈ ಮಸಿ ಕರೆಂಟನ್ನು ಹಾಯಿಸುತ್ತದೆ, ಹಾಗಾಗಿ ಕಿಡಿ ಗ್ಯಾಪ್ ಹಾರುವ ಬದಲು ಪಿಂಗಾಣಿಯ ಮೈಮೇಲಿಂದ ಜಾರಿ ಅರ್ತ್ ಆಗಿಬಿಡುತ್ತದೆ. ಮಸಿ ಕಟ್ಟಿದ ಪ್ಲಗ್ಗಿನ ಬದಲು ಹೊಸ ಪ್ಲಗ್ ಹಾಕಿದರೆ ಒಂದೆರಡು ದಿನ ಗಾಡಿ ಓಡುತ್ತದೆ, ಆಮೇಲೆ ಮತ್ತೆ ಅದೇ ಪಾಡು. ಮಸಿ ಎಲ್ಲಿಂದ ಬಂತು ಎಂದು ಹುಡುಕದೆ ಬಿಟ್ಟದ್ದರ ಫಲ ಅದು.

ಗ್ಯಾಪನ್ನು ಫೀಲರ್ ಗೇಜಿನಲ್ಲಿ (ದಪ್ಪ ಬರೆದಿರುವ ತೆಳು ಪಟ್ಟಿಗಳಲ್ಲಿ) ಅಳೆಯಿರಿ. ಹೆಚ್ಚಿನ ಗಾಡಿಗಳಿಗೆ 0.6ರಿಂದ 0.9 ಮಿ.ಮೀ. ಒಳಗೆ, ನಿಮ್ಮ ಗಾಡಿಯ ಸಂಖ್ಯೆ ಮ್ಯಾನ್ಯುಅಲ್‌ನಲ್ಲಿ ಇರುತ್ತದೆ. ಹೊಸ ಪ್ಲಗ್ಗಾದರೂ ಅಳೆಯಿರಿ, ಒಮ್ಮೆ ಕೆಳಗೆ ಬಿದ್ದರೆ ಗ್ಯಾಪ್ ಮುಚ್ಚಿಹೋಗಿರುತ್ತದೆ.

ಕಿಡಿ ನೋಡುವಾಗ ಎಡವುವವರು ಹೆಚ್ಚು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಥ್ರೆಡ್ಡಿನ ಭಾಗವನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಇರಿಸಿ ಸೆಲ್ಫ್ ಹೊಡೆಯಬೇಕು. ಪ್ಲಗ್ ತೆಗೆದ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿ ಅದರ ಪಕ್ಕದಲ್ಲಿ ಬೇಡ. ಬೇರೊಂದು ಹಳೆಯ ಪ್ಲಗ್ ಹಾಕಿ ಆ ತೂತನ್ನು ಮುಚ್ಚುವುದು ಕ್ಷೇಮ. ಎರಡು ಪ್ಲಗ್ಗಿಗೆ ಒಂದು ಕಾಯಿಲ್ ಇರುವಲ್ಲಿ ಜೋಡಿಯ ಇನ್ನೊಂದು ಕ್ಯಾಪೂ ತನ್ನ ಪ್ಲಗ್ಗಿನಲ್ಲೇ ಇರಬೇಕು. ಕರೆಂಟು ಒಂದು ಪ್ಲಗ್ಗಿನಿಂದ ಇಳಿದು, ಹೆಡ್ಡಿನ ಮೂಲಕ ಹಾದು, ಇನ್ನೊಂದರಿಂದ ಹತ್ತಿ ಕಾಯಿಲ್ಲಿಗೆ ಮರಳುವುದರಿಂದ, ಒಂದು ಕಡೆ ಗಾಳಿಯಲ್ಲಿ ನೇತಾಡಿದರೆ ದಾರಿ ಕಡಿದಂತೆ.

ಹೀಗೆ ನೀಲಿ ಕಿಡಿ ಕಂಡ ತಕ್ಷಣ 'ಕಿಡಿ ಸರಿ ಇದೆ' ಎಂದು ತೀರ್ಮಾನಿಸಬೇಡಿ. ಗಾಳಿಯ ಒತ್ತಡ ಹೆಚ್ಚಿದಂತೆ ಅದೇ ಗ್ಯಾಪನ್ನು ಹಾರಲು ಹೆಚ್ಚು ವೋಲ್ಟೇಜ್ ಬೇಕು. 1889ರಲ್ಲಿ ಫ್ರೀಡ್ರಿಶ್ ಪಾಶೆನ್ ಕೊಟ್ಟ ನಿಯಮ ಇದನ್ನೇ ಹೇಳುತ್ತದೆ. ಹೊರಗಿನ ಗಾಳಿಯಲ್ಲಿ 0.7 ಮಿ.ಮೀ. ಹಾರುವುದು ಬಡಕಲು ಕಾಯಿಲ್ಲಿಗೂ ಸಾಧ್ಯ. ಸಿಲಿಂಡರಿನ ಒಳಗೆ ಒತ್ತಡ ಹತ್ತು ಪಟ್ಟು ಆದಾಗ ಅದೇ ಕಾಯಿಲ್ ಸೋಲುತ್ತದೆ. ಗ್ಯಾಪ್ ಹೊಂದಿಸುವ ಸ್ಪಾರ್ಕ್ ಟೆಸ್ಟರ್ ಬಳಸಬೇಕು ಎನ್ನುವುದು ಇದಕ್ಕೇ. ಹೊರಗಿನ ಗಾಳಿಯಲ್ಲಿ 6ರಿಂದ 8 ಮಿ.ಮೀ. ದೂರ ಎಡೆಬಿಡದೆ ಹಾರಿದರೆ ಮಾತ್ರ ಆ ಕಿಡಿಯನ್ನು ನಂಬಬಹುದು.

ಕಿಡಿ ಸೊರಗಿದ್ದರೆ ಕಾಯಿಲ್ಲಿಗಿಂತ ಮೊದಲು ಕ್ಯಾಪ್ ನೋಡಿ. ಈ ಮೇಜಿನ ಮೇಲೆ ಒಂದಿದೆ, ಮುಂದಿನ ಸಾಲಿನವರು ಕೈಗೆ ತೆಗೆದುಕೊಂಡು ನೋಡಬಹುದು. ಹೊರಗೆ ರಬ್ಬರ್ ಹೊಸದರಂತಿದೆ. ವಯರಿನಿಂದ ಎಡಕ್ಕೆ ತಿರುಗಿಸಿದರೆ ಕ್ಯಾಪ್ ಸ್ಕ್ರೂವಿನಂತೆ ಬಿಚ್ಚಿಕೊಳ್ಳುತ್ತದೆ. ಒಳಗೆ ವಯರಿನ ತಾಮ್ರದ ಎಳೆಗಳಿಗೆ ಚುಚ್ಚಿಕೊಳ್ಳುವ ಮೊನೆ ಇದೆಯಲ್ಲ, ಅದರ ಸುತ್ತ ಹಸಿರು ಪುಡಿ: ತಾಮ್ರದ ಕಿಲುಬು. ಎಳೆಗಳ ತುದಿ ಕರಿ ಹಿಡಿದು ಪುಡಿಯಾಗಿದೆ. ಕಿಡಿ ಇಲ್ಲೇ ಒಳಗೊಳಗೆ ಹಾರಿ ಹಾರಿ ಸುಟ್ಟಿದೆ. ಇಂಥ ಕ್ಯಾಪ್ ಬಹಳ ದಿನ ಕೆಲಸ ಮಾಡುವಂತೆಯೇ ನಟಿಸುತ್ತದೆ, ಯಾಕೆಂದರೆ ವೋಲ್ಟೇಜು ಆ ಸಣ್ಣ ಕಡಿತವನ್ನೂ ಹಾರಿಕೊಂಡು ಹೋಗುತ್ತದೆ. ತೇವದ ದಿನ ಬಂದಾಗ ಕೈಕೊಡುತ್ತದೆ. ಮದ್ದು ಸರಳ: ವಯರಿನ ತುದಿಯನ್ನು 5–6 ಮಿ.ಮೀ. ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಕ್ಯಾಪನ್ನು ನೇರವಾಗಿ ಹಿಡಿದು ಬಿಗಿಯಾಗಿ ತಿರುಗಿಸಿ ಕೂರಿಸುವುದು. ಕ್ಯಾಪನ್ನು ಬಿಡಿಯಾಗಿ ಮಲ್ಟಿಮೀಟರಿನಲ್ಲಿ ಅಳೆದರೆ ಸಾಮಾನ್ಯವಾಗಿ 5 ಕಿಲೋಓಮ್ ಆಸುಪಾಸು ಬರಬೇಕು. ಅದರ ದುಪ್ಪಟ್ಟಾಗಿದ್ದರೆ ಅಥವಾ ಮೀಟರ್ ಅಲುಗಾಡದಿದ್ದರೆ ಕಸದ ಬುಟ್ಟಿಗೆ ಹಾಕಿ. ಕಾಯಿಲ್ಲಿಗೆ ಹೋಲಿಸಿದರೆ ಕ್ಯಾಪ್ ಪುಡಿಗಾಸಿನದು, ಆದರೂ ಜನ ಮೊದಲು ಕಾಯಿಲ್ಲನ್ನೇ ಬದಲಿಸುತ್ತಾರೆ.

ಕಾಯಿಲ್ ಪರೀಕ್ಷೆಗೆ ಎರಡು ಅಳತೆ. ಪ್ರೈಮರಿಯಲ್ಲಿ (ಬ್ಯಾಟರಿ ಕಡೆಯ ಸುತ್ತಿನಲ್ಲಿ) ಗಾಡಿಯ ಬಗೆಗೆ ತಕ್ಕಂತೆ ಅರ್ಧ ಓಮಿನಿಂದ 5 ಓಮ್ ತನಕ, ಸೆಕೆಂಡರಿಯಲ್ಲಿ (ಪ್ಲಗ್ ಕಡೆಯ ಸುತ್ತಿನಲ್ಲಿ) ಕ್ಯಾಪ್ ಕಳಚಿ ಅಳೆದರೆ ಕೆಲವು ಕಿಲೋಓಮ್‌ನಿಂದ 20 ಕಿಲೋಓಮ್ ತನಕ. ಪ್ರೈಮರಿ ಅಳೆಯುವಾಗ ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ಬರುವ ಸಂಖ್ಯೆಯನ್ನು ಕಳೆಯಬೇಕು, 1 ಓಮ್ ಅಳೆಯುವಲ್ಲಿ 0.3 ದೊಡ್ಡ ತಪ್ಪು. ಅಳತೆ ಸರಿ ಬಂದಿತೆಂದು ಕಾಯಿಲ್ ಸರಿ ಎಂದಾಗುವುದಿಲ್ಲ. ಮೀಟರ್ ಅಳೆಯುವುದು ತನ್ನ ಒಳಗಿನ ಸಣ್ಣ ಸೆಲ್ಲಿನಿಂದ, ಇನ್ಸುಲೇಷನ್ ಸೀಳುವುದು ಸಾವಿರಾರು ವೋಲ್ಟಿನಲ್ಲಿ. ಕತ್ತಲಲ್ಲಿ ಎಂಜಿನ್ ಓಡಿಸಿ, ಕಾಯಿಲ್ ಮತ್ತು ವಯರುಗಳ ಮೇಲೆ ದೂರದಿಂದ ನೀರಿನ ಮಂಜು ಹಾಯಿಸಿದರೆ ಸೋರುವ ಜಾಗದಲ್ಲಿ ನೀಲಿ ಗೆರೆ ಓಡಾಡುವುದು ಕಣ್ಣಿಗೇ ಕಾಣುತ್ತದೆ. ಕೊನೆಯ ಮಾತು ಹೇಳುವುದು ಅದಲು ಬದಲು ಪರೀಕ್ಷೆಯೇ.

ಕಿಡಿ ಸರಿಯಿದೆ, ಪ್ಲಗ್ ಒಣಗಿದೆ. ಈಗ ಪೆಟ್ರೋಲಿನ ಸರದಿ. ಪ್ಲಗ್ ತೂತಿನಿಂದ ಸಿರಿಂಜಿನಲ್ಲಿ 2 ಮಿ.ಲೀ. ಪೆಟ್ರೋಲ್ ಬಿಟ್ಟು, ಪ್ಲಗ್ ಬಿಗಿದು ಸ್ಟಾರ್ಟ್ ಮಾಡಿ. ಆ ಸಿಲಿಂಡರ್ ಕೆಲವು ಕ್ಷಣ ಎದ್ದು ಮತ್ತೆ ಮಲಗಿದರೆ ದೋಷ ಪೆಟ್ರೋಲ್ ದಾರಿಯಲ್ಲಿದೆ. ಕಂಪ್ರೆಷನ್ನೂ ಕಿಡಿಯೂ ಒಂದೇ ಏಟಿಗೆ ನಿರ್ದೋಷಿಗಳಾದವು.

ಕಾರ್ಬುರೇಟರ್ ಗಾಡಿಯಲ್ಲಿ ಒಂದು ಲಕ್ಷಣವನ್ನು ಚೆನ್ನಾಗಿ ಗಮನಿಸಿ. ಐಡಲಿಂಗ್‌ನಲ್ಲಿ ಮಲಗಿದ ಸಿಲಿಂಡರ್, ಆಕ್ಸಿಲರೇಟರ್ ಏರಿಸಿ 3000 ಆರ್‌ಪಿಎಂ ದಾಟಿಸಿದಾಗ ಎದ್ದು ಬಂದರೆ ಪೈಲಟ್ ಜೆಟ್ (ಐಡಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ಕೊಳವೆ) ಕಟ್ಟಿದೆ. ಅದರ ತೂತು ಸುಮಾರು 0.4 ಮಿ.ಮೀ. ಮಾತ್ರ, ಕೆಲವು ತಿಂಗಳು ಓಡಿಸದೆ ನಿಲ್ಲಿಸಿದ ಗಾಡಿಯಲ್ಲಿ ಪೆಟ್ರೋಲ್ ಆರಿ ಉಳಿದ ಅಂಟು ಅದನ್ನು ಮುಚ್ಚಲು ಸಾಕು. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು. ಚುಕ್ಕೆ ಅರ್ಧಚಂದ್ರದಂತೆ ಕಂಡರೂ ಅದು ಕಟ್ಟಿದಂತೆಯೇ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಿರಿ, ಹೋಗದಿದ್ದರೆ ಮೆತ್ತನೆಯ ತಾಮ್ರದ ಒಂದೆಳೆ ಹಾಯಿಸಿ. ಉಕ್ಕಿನ ಸೂಜಿ ಹಾಕಿದರೆ ಹಿತ್ತಾಳೆಯ ಜೆಟ್ಟಿನ ತೂತು ದೊಡ್ಡದಾಗಿ ಹೊಸ ತಲೆನೋವು ಶುರುವಾಗುತ್ತದೆ. ಕ್ಲೀನರ್ ಹೊಡೆಯುವ ಮೊದಲು ಡಯಾಫ್ರಮ್ ಮತ್ತು ಓ-ರಿಂಗುಗಳನ್ನು ಹೊರತೆಗೆದಿಡಿ, ಅದು ತಾಗಿದರೆ ರಬ್ಬರ್ ಉಬ್ಬುತ್ತದೆ.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಬಿಟ್ಟು ನೋಡಿ. ಏನೂ ಬರದಿದ್ದರೆ ಬೌಲಿಗೆ ಪೆಟ್ರೋಲ್ ಬಿಡುವ ಫ್ಲೋಟ್ ನೀಡಲ್ ಅಂಟಿಕೊಂಡಿದೆ. ಬಂದದ್ದು ಎರಡು ಪದರವಾಗಿ ನಿಂತರೆ ಕೆಳಗಿನದು ನೀರು. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಒಂದು ಮಿತಿವರೆಗೆ ಹೀರಿಕೊಂಡು, ಮಿತಿ ದಾಟಿದಾಗ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಜೆಟ್ ಹೀರುವುದೂ ಬೌಲಿನ ತಳದಿಂದಲೇ.

ಒಂದೇ ಸಿಲಿಂಡರಿನ ಪ್ಲಗ್ ಪದೇಪದೇ ಕಪ್ಪಾಗಿ ಒದ್ದೆಯಾಗುತ್ತಿದ್ದರೆ, ಕಾರ್ಬುರೇಟರನ್ನು ಮೂರು ಸಲ ಬಿಚ್ಚಿಯೂ ಏನೂ ಸಿಗದಿದ್ದರೆ, ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ನೋಡಿ. ವ್ಯಾಕ್ಯೂಮಿನಿಂದ (ಎಂಜಿನ್ ಗಾಳಿ ಹೀರುವ ಸೆಳೆತದಿಂದ) ತೆರೆಯುವ ಕಾಕ್ ಆದರೆ ಅದರ ಸಣ್ಣ ಹೋಸ್ ಸಾಮಾನ್ಯವಾಗಿ ಒಂದು ಸಿಲಿಂಡರಿನ ಇನ್‌ಟೇಕ್‌ಗೆ ಮಾತ್ರ ಹೋಗಿರುತ್ತದೆ. ಕಾಕಿನೊಳಗಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ಆ ಹೋಸಿನಿಂದಲೇ ನೇರ ಆ ಸಿಲಿಂಡರಿಗೆ ಇಳಿಯುತ್ತದೆ. ಹೋಸ್ ಕಳಚಿ ನೋಡಿ, ಒಳಗೆ ಒಂದು ಹನಿ ಪೆಟ್ರೋಲ್ ಇದ್ದರೂ ಕಾಕ್ ಕೆಟ್ಟಿದೆ. ಇಂಥ ಗಾಡಿಗೆ ಸೆಲ್ಫ್ ಹೊಡೆಯುವ ಮುನ್ನ ಎಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೂಸಿ. ಆಯಿಲ್ ಪೆಟ್ರೋಲ್ ನಾರುತ್ತಿದ್ದರೆ ಸಿಲಿಂಡರಿನಲ್ಲಿ ದ್ರವ ನಿಂತಿರಬಹುದು. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಲ್ಲ ಪ್ಲಗ್ ತೆಗೆದು, ಕಾಯಿಲ್ ಕನೆಕ್ಟರ್ ಕಳಚಿ, ಎಂಜಿನ್ನನ್ನು ಮೊದಲು ಕೈಯಲ್ಲಿ ತಿರುಗಿಸಿ ದ್ರವ ಹೊರಹಾಕಿ.

ಇಂಜೆಕ್ಷನ್ ಗಾಡಿಯಲ್ಲಿ ಕೆಲಸ ಕಡಿಮೆ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜೆಕ್ಟರಿಗೆ, ಹಿಡಿಯನ್ನು ಕಿವಿಗೆ ಒತ್ತಿ. ಟಿಕ್ ಟಿಕ್ ಕೇಳಬೇಕು. ಕೇಳದಿದ್ದರೆ ಅದರ ರೆಸಿಸ್ಟೆನ್ಸ್ ಅಳೆಯಿರಿ, ಸಾಮಾನ್ಯವಾಗಿ 12 ಓಮ್ ಸುತ್ತಮುತ್ತ, ಪಕ್ಕದ್ದರಷ್ಟೇ. ಟಿಕ್ ಎನ್ನುತ್ತಿದ್ದೂ ಸಿಲಿಂಡರ್ ಒಣಗಿದ್ದರೆ ಇಂಜೆಕ್ಟರಿನ ಬಾಯಿ ಕಟ್ಟಿದೆ. ಪಕ್ಕದ್ದರೊಂದಿಗೆ ಅದಲು ಬದಲು ಮಾಡಿ, ಕೂರಿಸುವಾಗ ಹೊಸ ಓ-ರಿಂಗಿಗೆ ತುಸು ಆಯಿಲ್ ಸವರಿ.

ಇನ್‌ಟೇಕ್ ರಬ್ಬರಿನ ಬಿರುಕು, ವ್ಯಾಕ್ಯೂಮ್ ತೂತಿನ ಮೇಲಿನ ಟೊಪ್ಪಿ ಒಡೆದಿರುವುದು ಕೂಡ ಆ ಒಂದನ್ನೇ ಮಲಗಿಸುತ್ತವೆ. ಐಡಲಿಂಗ್‌ನಲ್ಲಿ ಅಲ್ಲಿ ನೀರು ಸಿಂಪಡಿಸಿ, ಸದ್ದು ಬದಲಾದರೆ ಗಾಳಿ ನುಗ್ಗುವುದು ಅಲ್ಲೇ. ಹೊತ್ತಿಕೊಳ್ಳುವ ಸ್ಪ್ರೇ ಹೊಡೆದು ನೋಡುವವರಿದ್ದಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬುದ್ಧಿವಂತಿಕೆಯಲ್ಲ.

ಕೊನೆಗೆ ಕಂಪ್ರೆಷನ್. ಎಂಜಿನ್ ಬೆಚ್ಚಗಿರಲಿ, ಎಲ್ಲ ಪ್ಲಗ್ ಹೊರಗಿರಲಿ, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಕಳಚಿರಲಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಗೇಜಿನ ಮುಳ್ಳು ಏರುವುದು ನಿಲ್ಲುವ ತನಕ ಸೆಲ್ಫ್ ಹೊಡೆಯಿರಿ. ಆಕ್ಸಿಲರೇಟರ್ ಮುಚ್ಚಿಟ್ಟು ಅಳೆದು 'ಕಂಪ್ರೆಷನ್ ಹೋಗಿದೆ' ಎಂದು ಎಂಜಿನ್ ಇಳಿಸುವುದುಂಟು, ಗಾಳಿಯೇ ಒಳಗೆ ಹೋಗದಿದ್ದರೆ ಮುಳ್ಳು ಏರುವುದೆಲ್ಲಿಂದ? ಅನೇಕ ನಾಲ್ಕು ಸ್ಟ್ರೋಕ್ ಎಂಜಿನ್ನುಗಳಲ್ಲಿ ಒತ್ತಡ 140ರಿಂದ 200 ಪಿಎಸ್‌ಐ ನಡುವೆ ಬರುತ್ತದೆ, ಆದರೆ ಸಂಖ್ಯೆಗಿಂತ ಮುಖ್ಯ ಸಿಲಿಂಡರುಗಳ ನಡುವಿನ ಅಂತರ. ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸುಮ್ಮನಿರಬೇಡಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ., ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಬಂದರೆ ನಡುವಿನ ಗ್ಯಾಸ್ಕೆಟ್ ಸೀಳಿದೆ ಎಂದು ಮೊದಲು ನೆನೆಯಿರಿ.

ವಾಲ್ವ್ ಎಂದ ಕೂಡಲೇ ಹೆಡ್ ಇಳಿಸಬೇಡಿ. ತಣ್ಣಗಿನ ಎಂಜಿನ್ನಿನಲ್ಲಿ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಅಳೆಯಿರಿ. ಇನ್‌ಟೇಕ್‌ಗೆ 0.10–0.20, ಎಕ್ಸಾಸ್ಟ್‌ಗೆ 0.15–0.30 ಮಿ.ಮೀ. ಆಸುಪಾಸು ಇರುವುದು ವಾಡಿಕೆ. ವಾಲ್ವ್ ತನ್ನ ಸೀಟನ್ನು ಸವೆಸುತ್ತ ಒಳಗೆ ಹೋದಂತೆ ಈ ಅಂತರ ಕುಗ್ಗುತ್ತದೆ, ಸೊನ್ನೆಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಟ್ಯಾಪೆಟ್ ಸದ್ದು ಮಾಡಿದರೆ ಎಲ್ಲರೂ ಓಡಿಬರುತ್ತಾರೆ, ಬಿಗಿಯಾದ ಟ್ಯಾಪೆಟ್ ಸದ್ದೇ ಮಾಡುವುದಿಲ್ಲ. ಸಮಯಕ್ಕೆ ಹೊಂದಿಸಿದರೆ ಕಂಪ್ರೆಷನ್ ಮರಳಿ ಬರುತ್ತದೆ, ತಡವಾದರೆ ವಾಲ್ವಿನ ಅಂಚು ಸುಟ್ಟಿರುತ್ತದೆ.

ಎರಡು ಸ್ಟ್ರೋಕಿನ ಎರಡು ಸಿಲಿಂಡರ್ ಗಾಡಿಗಳ ಬಗ್ಗೆ ಒಂದೇ ಮಾತು: ಅಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕ್ರ್ಯಾಂಕ್ ಕೋಣೆ. ಕ್ರ್ಯಾಂಕಿನ ಆಯಿಲ್ ಸೀಲ್ ಹೋದರೆ ಆ ಕಡೆಯದು ಮಾತ್ರ ಮಲಗುತ್ತದೆ, ಮೇಲಿನ ಕಂಪ್ರೆಷನ್ ಎಷ್ಟು ಚೆನ್ನಾಗಿದ್ದರೂ.

ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇವೆ.

ತಣ್ಣಗಿದ್ದಾಗ ಎಲ್ಲವೂ ಸರಿ, ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಒಂದು ಮಲಗುತ್ತದೆ, ಯಾಕೆ? ಬಿಸಿಗೆ ಕಾಯಿಲ್ಲಿನ ಒಳಗಿನ ತಂತಿ ಹಿಗ್ಗಿ ಕಡಿತ ಬಾಯಿಬಿಡುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಪಿಕಪ್ ಕಾಯಿಲ್ಲಿಗೂ ಇದೇ ರೋಗ ಬರುತ್ತದೆ. ಆದ್ದರಿಂದ ಮಲಗಿದ ಆ ಕ್ಷಣದಲ್ಲೇ, ಬಿಸಿಯಿರುವಾಗಲೇ ಅಳೆಯಬೇಕು. ಮರುದಿನ ಬೆಳಿಗ್ಗೆ ಅಳೆದರೆ ಎಲ್ಲ ಸಂಖ್ಯೆಯೂ ಸರಿ ಬರುತ್ತದೆ.

ಒಂದು ಸಿಲಿಂಡರ್ ಇಲ್ಲದೆ ಗಾಡಿಯನ್ನು ಹಾಗೇ ಓಡಿಸಿಕೊಂಡು ಹೋಗಬಹುದೇ? ಹೊತ್ತದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಸುತ್ತದೆ, ಉಳಿದದ್ದು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೊತ್ತಿ ಅದನ್ನು ಕೆಂಡ ಮಾಡುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಇಂಜೆಕ್ಷನ್ ಗಾಡಿಯಲ್ಲಿ ಆ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ಕಳಚಿ, ನಿಧಾನವಾಗಿ, ಸ್ವಲ್ಪವೇ ದೂರ. ದುರಸ್ತಿ ಮುಗಿದ ಮೇಲೆ ಡಿಪ್‌ಸ್ಟಿಕ್ ಮೂಸಿ, ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಪ್ಲಗ್ಗನ್ನು ಒಂದು ತುಂಡು ರಬ್ಬರ್ ಹೋಸಿಗೆ ಸಿಕ್ಕಿಸಿ ಕೈಯಿಂದಲೇ ತಿರುಗಿಸುತ್ತ ಕೂರಿಸಿ, ಥ್ರೆಡ್ ಅಡ್ಡ ಹತ್ತಿದರೆ ಹೋಸ್ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ತಾಗಿದ ಮೇಲೆ ಹೊಸ ಪ್ಲಗ್ ಆದರೆ ಅರ್ಧ ಸುತ್ತು, ಹಳೆಯದೇ ಆದರೆ ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿಯುವಷ್ಟು. ಟಾರ್ಕ್ ರೆಂಚ್ ಇದ್ದರೆ 10 ಮಿ.ಮೀ. ಪ್ಲಗ್ಗಿಗೆ 10–12, 12 ಮಿ.ಮೀ.ಗೆ 15–20 ನ್ಯೂಟನ್ ಮೀಟರ್.